ಜೇನು ಸೋರಿದರೆ ಕಾಫಿಯವರಿಗೆ ಫೋನು

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯಿಂದ ಇಳಿದು ಬರುವಾಗ, ಸುಂಟಿಕೊಪ್ಪ ದಾಟಿದ ಮೇಲೆ ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಉಡುಗೊರೆ ಪೆಟ್ಟಿಗೆಯೊಂದನ್ನು ಕೊಂಡೆ. ಒಳಗೆ ಕಾಲು ಕಿಲೋ ಕಾಫಿ ಪುಡಿ, ನೂರು ಗ್ರಾಂ ಕರಿಮೆಣಸು, ಒಂದು ಸಣ್ಣ ಸೀಸೆ ಜೇನು, ಮನೆಯಲ್ಲಿ ಮಾಡಿದ ಚಾಕೊಲೇಟು. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ಕೂರ್ಗ್’ ಎಂದಿತ್ತು. ಮೈಸೂರಿನ ನೆಂಟರ ಮನೆಯಲ್ಲಿ ಬಿಚ್ಚಿದಾಗ ಜೇನಿನ ಸೀಸೆ ಸೋರಿ ಕಾಫಿ ಪೊಟ್ಟಣ, ಚಾಕೊಲೇಟಿನ ಕಾಗದ ಎಲ್ಲವೂ ಅಂಟಂಟು. ತಳದಲ್ಲಿ ಉಳಿದಿದ್ದನ್ನು ನಾಲಗೆಗೆ ಇಟ್ಟು ನೋಡಿದರೆ ಸಕ್ಕರೆ ಪಾಕದ ರುಚಿ. ಪೆಟ್ಟಿಗೆಯ ಮೇಲೆ ಇದ್ದದ್ದು ಒಂದೇ ಫೋನ್ ನಂಬರು. ನೆಂಟರ ಮುಂದೆ ಆದ ಅವಮಾನದ ಬಿಸಿ ಆರುವ ಮೊದಲೇ ಆ ನಂಬರಿಗೆ ಕರೆ ಮಾಡಿ ಬೈದೆ.

ಆ ಕಡೆಯವರು ಕಾಫಿ ಹುರಿದು ಪುಡಿ ಮಾಡುವವರು. ತಾಳ್ಮೆಯಿಂದ ಕೇಳಿಸಿಕೊಂಡರು. “ಜೇನು ನನ್ನದಲ್ಲ ಸಾರ್. ಚಾಕೊಲೇಟೂ ನನ್ನದಲ್ಲ. ನನ್ನ ಪುಡಿ ಹೇಗಿತ್ತು, ಅದನ್ನು ಹೇಳಿ” ಎಂದರು. ಪುಡಿ ಚೆನ್ನಾಗಿಯೇ ಇತ್ತು, ಹಾಗೆಂದು ಹೇಳಿದೆ. “ಹಾಗಾದರೆ ಇನ್ನೊಮ್ಮೆ ತರಿಸಿಕೊಳ್ಳುತ್ತೀರಾ?” ನಾನು ಸುಮ್ಮನಾದೆ. ಜೇನಿನವರ ತಪ್ಪಿಗೆ ಕಾಫಿಯವರು ಗಿರಾಕಿಯನ್ನು ಕಳೆದುಕೊಂಡ ಗಳಿಗೆ ಅದು.

ಕೊಡಗಿನಲ್ಲಿ ಈಗ ಎಲ್ಲರ ಬಾಯಲ್ಲೂ ‘ಟೈಅಪ್’ ಎಂಬ ಮಾತು. ಹೋಮ್‌ಸ್ಟೇಗೂ ಜೀಪಿನವರಿಗೂ ಟೈಅಪ್, ಜೀಪಿನವರಿಗೂ ಸಂಬಾರ ಪದಾರ್ಥದ ಅಂಗಡಿಗೂ ಟೈಅಪ್, ಕಾಫಿ ಪುಡಿಯವರಿಗೂ ಜೇನಿನವರಿಗೂ ಟೈಅಪ್. ಒಬ್ಬರ ಸರಕು ಇನ್ನೊಬ್ಬರ ಸರಕಿಗೆ ಪೂರಕವಾಗಿರುವಾಗ ಕೈಜೋಡಿಸುವುದು ಜಾಣತನವೇ. ಆದರೆ ಈ ಕೈಜೋಡಿಸುವಿಕೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ನನಗೆಷ್ಟು ಕಮಿಷನ್? ಲಾಭದ ಪಾಲಿನ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ತಪ್ಪಿನ ಪಾಲು ಯಾರದ್ದು ಎಂದು ಒಂದು ನಿಮಿಷವೂ ಮಾತನಾಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಪೂರಕ ಸರಕು ಎಂದರೇನು ಎಂಬುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪಂದಿಕರಿ ಎಂಬ ಹಂದಿಮಾಂಸದ ಅಡುಗೆ ಇದ್ದಲ್ಲಿ ಕಡಂಬುಟ್ಟು ಎಂಬ ಅಕ್ಕಿಯ ಉಂಡೆ ಬೇಕು, ಪಂದಿಕರಿಗೆ ಕಪ್ಪು ಬಣ್ಣವೂ ಹುಳಿಯೂ ಬರಬೇಕಾದರೆ ಕಾಚಂಪುಳಿ ಎಂಬ ಹಣ್ಣಿನ ಹುಳಿರಸ ಬೇಕು. ಕಾಚಂಪುಳಿ ಕಲಬೆರಕೆಯದಾದರೆ ಉಣ್ಣುವವರು ಬೈಯುವುದು ಅಡುಗೆಯವರನ್ನು. ಪೈಪೋಟಿಗೂ ಪೂರಕತೆಗೂ ಇರುವ ವ್ಯತ್ಯಾಸ ಬೆಲೆ ಏರಿದಾಗ ಗೊತ್ತಾಗುತ್ತದೆ. ನನ್ನದೊಂದು ಹೋಮ್‌ಸ್ಟೇ ಇದೆ ಎಂದುಕೊಳ್ಳಿ. ಪಕ್ಕದ ಹೋಮ್‌ಸ್ಟೇಯವರು ಬಾಡಿಗೆ ಏರಿಸಿದರೆ ನನ್ನ ಕೋಣೆಗಳು ತುಂಬುತ್ತವೆ. ಜೀಪಿನವರು ಬಾಡಿಗೆ ಏರಿಸಿದರೆ ನನ್ನ ಕೋಣೆಗಳು ಖಾಲಿಯಾಗುತ್ತವೆ, ಏಕೆಂದರೆ ಪ್ರವಾಸಿಗರು ಲೆಕ್ಕ ಹಾಕುವುದು ಕೋಣೆಗೆ ಬೇರೆ, ಜೀಪಿಗೆ ಬೇರೆ ಅಲ್ಲ. ‘ಕೊಡಗಿಗೆ ಹೋಗಿ ಬರಲು ಎಷ್ಟಾಗುತ್ತದೆ’ ಎಂದು.

ಹೋಟೆಲಿನ ಒಂದು ಲೋಟ ಕಾಫಿಯಲ್ಲೂ ಇದೇ ನಡೆಯುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಆ ಹೊತ್ತಿಗಾಗಲೇ ಕಾಫಿ ಪುಡಿಯೂ ತುಟ್ಟಿಯಾಗಿತ್ತು. ಹಾಲಿನವರು ಕಾಫಿಯವರನ್ನು ಕೇಳಿ ಏರಿಸಲಿಲ್ಲ, ಕಾಫಿಯವರಿಗೆ ಹಾಲಿನವರನ್ನು ಕೇಳಬೇಕೆಂದು ತೋಚುವುದೂ ಇಲ್ಲ. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವರು ಎರಡಕ್ಕೆ ಇಳಿದರೆ ಪೆಟ್ಟು ಮಾತ್ರ ಇಬ್ಬರಿಗೂ ಬೀಳುತ್ತದೆ.

ಈ ಒಗಟನ್ನು ಮೊದಲು ಗಣಿತದಲ್ಲಿ ಬಿಡಿಸಿದವರು ಫ್ರಾನ್ಸಿನ ಗಣಿತಜ್ಞ ಆಂಟೊಯಿನ್ ಕೂರ್ನೊ, 1838ರಲ್ಲಿ. ಹಿತ್ತಾಳೆಗೆ ತಾಮ್ರವೂ ಬೇಕು, ಸತುವೂ ಬೇಕು. ತಾಮ್ರವೆಲ್ಲ ಒಬ್ಬರ ಕೈಯಲ್ಲಿ, ಸತುವೆಲ್ಲ ಇನ್ನೊಬ್ಬರ ಕೈಯಲ್ಲಿ ಇದ್ದರೆ ಏನಾಗುತ್ತದೆ ಎಂದು ಅವರು ಕೇಳಿಕೊಂಡರು. ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಹಿತ್ತಾಳೆ ಅಗ್ಗವಾಗುತ್ತದೆ, ಲಾಭವೂ ಹೆಚ್ಚುತ್ತದೆ ಎಂಬ ವಿಚಿತ್ರ ಉತ್ತರ ಬಂತು. ಏಕಸ್ವಾಮ್ಯ ಬಂದರೆ ಬೆಲೆ ಏರುತ್ತದೆ ಎಂದೇ ನಾವೆಲ್ಲ ಕಲಿತಿರುವುದರಿಂದ ಇದು ತಲೆಕೆಳಗಾದ ಮಾತಿನಂತೆ ಕೇಳಿಸುತ್ತದೆ.

ತಾಮ್ರ, ಸತುವನ್ನು ಬಿಟ್ಟು ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಬರೋಣ. ಅಲ್ಲಿನ ಕೊನೆಯ ಏರು ದಾರಿಯನ್ನು ಪ್ರವಾಸಿಗರು ಸಾಮಾನ್ಯವಾಗಿ ಹತ್ತುವುದು ಬಾಡಿಗೆ ಜೀಪಿನಲ್ಲಿ. ಬೆಟ್ಟ ನೋಡಲೆಂದೇ ಬಂದವರಿಗೆ ಕೋಣೆಯೂ ಬೇಕು, ಜೀಪೂ ಬೇಕು. ಒಂದು ಲೆಕ್ಕ ಕಲ್ಪಿಸಿಕೊಳ್ಳಿ: ಒಂದು ರಾತ್ರಿಯ ಕೋಣೆ ಮತ್ತು ಜೀಪು ಸೇರಿ 12,000 ರೂಪಾಯಿ ಎಂದರೆ ಯಾರೂ ಬರುವುದಿಲ್ಲ, ಅಲ್ಲಿಂದ ಸಾವಿರ ಸಾವಿರ ಇಳಿಸಿದಂತೆಲ್ಲ ಒಂದೊಂದು ಕುಟುಂಬ ಹೆಚ್ಚುತ್ತದೆ. ಡೀಸೆಲ್, ಅಡುಗೆ, ಕೆಲಸದವರ ಸಂಬಳ ಸದ್ಯ ಬದಿಗಿರಲಿ.

ಇಬ್ಬರೂ ಕುಳಿತು ಮಾತನಾಡಿ ಒಟ್ಟು 6,000 ಎಂದು ಗೊತ್ತುಮಾಡಿದರೆ ಆರು ಕುಟುಂಬಗಳು ಬರುತ್ತವೆ. ಒಟ್ಟು 36,000, ತಲಾ 18,000. ಮಾತೇ ಆಡದೆ ತಮ್ಮ ತಮ್ಮ ಲಾಭ ಮಾತ್ರ ನೋಡಿಕೊಂಡರೆ ಇಬ್ಬರೂ ಏರಿಸುತ್ತ ಹೋಗಿ ಕೊನೆಗೆ ತಲಾ 4,000ಕ್ಕೆ ನಿಲ್ಲುತ್ತಾರೆ. ಒಟ್ಟು ಬೆಲೆ 8,000, ಬರುವುದು ನಾಲ್ಕೇ ಕುಟುಂಬ, ತಲಾ ಗಳಿಕೆ 16,000. ಪ್ರವಾಸಿಗರಿಗೆ ದುಬಾರಿ, ಹೋಮ್‌ಸ್ಟೇಗೆ ನಷ್ಟ, ಜೀಪಿನವರಿಗೂ ನಷ್ಟ. ಯಾರೂ ಗೆಲ್ಲದ ಆಟ ಇದು.

ಇವರಿಬ್ಬರ ನಡುವೆ ಮೂರನೆಯವರು ಬರಲಿ. ಗಿರಾಕಿಯನ್ನು ಹಿಡಿದು ತರುವ ಏಜೆಂಟ್ ಇರಬಹುದು, ಮೊಬೈಲಿನಲ್ಲಿ ಕೋಣೆ ಕಾಯ್ದಿರಿಸುವ ವೇದಿಕೆ ಇರಬಹುದು. ಅವರನ್ನು ಬಿಟ್ಟರೆ ಗಿರಾಕಿ ಸಿಗುವುದೇ ಇಲ್ಲ ಎಂದಾದರೆ ಅವರೂ ಒಂದು ಪೂರಕ ಸರಕನ್ನು ಮಾರುವವರೇ. ಮೂವರೂ ತಮ್ಮ ಪಾಡಿಗೆ ಬೆಲೆ ಕಟ್ಟಿದರೆ ತಲಾ 3,000 ಆಗಿ ಒಟ್ಟು 9,000ಕ್ಕೆ ಮುಟ್ಟುತ್ತದೆ. ಬರುವುದು ಮೂರು ಕುಟುಂಬ. ಮೂವರ ಗಳಿಕೆ ಸೇರಿದರೂ 27,000. ಕೈಗಳು ಹೆಚ್ಚಿದಷ್ಟೂ ಪಾತ್ರೆಯಲ್ಲಿ ಇರುವುದೇ ಕಡಿಮೆಯಾಗುತ್ತದೆ. ನಮ್ಮ ಲೆಕ್ಕ ಬರೀ ಕಾಗದದ್ದು, ನಿಜ. ಆದರೆ ಡಿಸೆಂಬರಿನ ನಾಲ್ಕು ವಾರಾಂತ್ಯ ಬಿಟ್ಟರೆ ಕೋಣೆ ಖಾಲಿ ಎಂದು ಗೊಣಗುವವರು ಈ ಕಾಗದವನ್ನು ಒಮ್ಮೆ ನೋಡಬೇಕು.

ಹಾಗಾದರೆ ಕೋಣೆಯವರೂ ಜೀಪಿನವರೂ ಮಾತನಾಡಿಕೊಂಡು ಒಟ್ಟು 6,000ಕ್ಕೆ, ಅಂದರೆ ತಲಾ 3,000ಕ್ಕೆ ಏಕೆ ನಿಲ್ಲುವುದಿಲ್ಲ? ನಿಲ್ಲಲು ಆಸೆ ಬಿಡುವುದಿಲ್ಲ. ಹೋಮ್‌ಸ್ಟೇಯವರು ಮಾತಿಗೆ ತಪ್ಪದೆ 3,000ದಲ್ಲೇ ಇರುವಾಗ ಜೀಪಿನವರು ಗುಟ್ಟಾಗಿ 4,000 ಮಾಡಿದರೆ ಒಟ್ಟು 7,000, ಐದು ಕುಟುಂಬ ಬರುತ್ತವೆ. ಜೀಪಿಗೆ 20,000, ಕೋಣೆಗೆ 15,000. ಕೊಟ್ಟ ಮಾತು ಮುರಿದವರು ಎರಡು ಸಾವಿರ ಹೆಚ್ಚು ಗಳಿಸುತ್ತಾರೆ, ಉಳಿಸಿಕೊಂಡವರು ಮೂರು ಸಾವಿರ ಕಳೆದುಕೊಳ್ಳುತ್ತಾರೆ. ಮುಂದಿನ ವಾರ ಇವರೂ ಏರಿಸುತ್ತಾರೆ, ಅಲ್ಲಿಗೆ ಟೈಅಪ್ ಮುಗಿಯಿತು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದರೆ ಸಾಕು, ಬರಹದ ಕರಾರು ಏಕೆ ಎನ್ನುವವರಿಗೆ ಉತ್ತರ ಇದೇ: ಅಂಥ ಆಸೆ ಒಳ್ಳೆಯವರಿಗೂ ಹುಟ್ಟುತ್ತದೆ. ಒಟ್ಟು ಬೆಲೆಯನ್ನು ಒಬ್ಬರೇ ಗಿರಾಕಿಯಿಂದ ಪಡೆದು ಪಾಲು ಹಂಚಿಕೊಳ್ಳುವ ವ್ಯವಸ್ಥೆ ಇದ್ದರೆ ಗುಟ್ಟಾಗಿ ಏರಿಸಲು ಜಾಗವೇ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಕೋಣೆಯವರೂ ಜೀಪಿನವರೂ ಸೇರಿ ಒಟ್ಟು ಬೆಲೆ ಇಳಿಸುವುದು ಬೇರೆ, ಊರಿನ ಜೀಪಿನವರೆಲ್ಲ ಸೇರಿ ‘ಇಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗಕೂಡದು’ ಎಂದು ಕಟ್ಟು ಹಾಕುವುದು ಬೇರೆ. ಮೊದಲನೆಯದು ಪೂರಕರ ಒಪ್ಪಂದ, ಎರಡನೆಯದು ಪೈಪೋಟಿದಾರರ ಕೂಟ. 2002ರ ಸ್ಪರ್ಧಾ ಕಾಯ್ದೆ ಕೆಂಗಣ್ಣು ಬಿಡುವುದು ಎರಡನೆಯದರ ಮೇಲೆ. ಹೊರಗಿನಿಂದ ನೋಡಿದರೆ ಎರಡೂ ‘ಒಗ್ಗಟ್ಟು’ ಎನಿಸುತ್ತವೆ. ಒಂದು ಒಗ್ಗಟ್ಟಿನಿಂದ ಗಿರಾಕಿಗೆ ಹಣ ಉಳಿಯುತ್ತದೆ, ಇನ್ನೊಂದರಿಂದ ಹಣ ಹೋಗುತ್ತದೆ.

ಒಪ್ಪಂದ, ಗಿರಾಕಿ, ಹೆಸರು ಎಂಬ ವ್ಯವಹಾರದ ಭಾಷೆ ಕೊಡಗಿನ ಬೆಳೆಗಾರರಿಗೆ ಇನ್ನೂ ಪೂರ್ತಿ ಒಗ್ಗಿಲ್ಲದಿರುವುದಕ್ಕೆ ಚರಿತ್ರೆಯೂ ಕಾರಣ. 1942ರ ಕಾಫಿ ಕಾಯ್ದೆಯ ನಂತರ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯೇ ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುವ ಪೂಲ್‌ಗೆ ಒಪ್ಪಿಸಬೇಕಿತ್ತು. ಚೀಲಗಳು ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದವೆಂದರೆ ಬೆಳೆಗಾರರ ಕೆಲಸ ಮುಗಿಯಿತು. ಹಣ ಕಂತು ಕಂತಾಗಿ ಬರುತ್ತಿತ್ತು. ಆ ಬೀಜವನ್ನು ಯಾರು ಹುರಿದರು, ಯಾರು ಕುಡಿದರು, ಚೆನ್ನಾಗಿದೆ ಎಂದರೋ ಇಲ್ಲವೋ ಎಂಬುದು ತೋಟಕ್ಕೆ ತಿಳಿಯುತ್ತಲೇ ಇರಲಿಲ್ಲ. 1990ರ ದಶಕದ ಮೊದಲರ್ಧದಲ್ಲಿ ಹಂತ ಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿ, 1996ರ ಹೊತ್ತಿಗೆ ಪೂಲ್ ಮುಗಿಯಿತು. ಅಂದರೆ ಐವತ್ತು ವರ್ಷ ಕೊಡಗಿನಲ್ಲಿ ಕಾಫಿ ಇತ್ತು, ಗಿರಾಕಿ ಇರಲಿಲ್ಲ. ಮುಕ್ತ ಮಾರುಕಟ್ಟೆ ಬಂದ ಮೇಲೂ ಬಹುಪಾಲು ಬೆಳೆಗಾರರು ಕಣದಿಂದಲೇ ಚೆರ್ರಿಯನ್ನು, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣನ್ನು, ತುಂಬಿ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ತೋಟ ನೋಡಿಕೊಳ್ಳುವುದೇ ಹಗಲಿರುಳಿನ ಕೆಲಸ.

ದೊಡ್ಡವರು ಈ ಆಟವನ್ನು ಹೇಗೆ ಆಡಿದರು ಎಂಬುದೂ ಕೊಡಗಿನಲ್ಲೇ ಕಾಣುತ್ತದೆ. ಪಾಲಿಬೆಟ್ಟದ ಸುತ್ತ ತೋಟಗಳಿದ್ದ ಟಾಟಾ ಕಾಫಿ 2011ರ ಜನವರಿಯಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ಬೀಜ ಪೂರೈಸುತ್ತೇವೆ, ಹಣ ಕೊಡಿ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮರುವರ್ಷ ಟಾಟಾ ಗ್ಲೋಬಲ್ ಬೆವರೇಜಸ್ ಮೂಲಕ ಕಾಫಿ ಅಂಗಡಿಗಳ ಉದ್ಯಮದಲ್ಲೇ ಅರ್ಧಕ್ಕರ್ಧ ಪಾಲುದಾರಿಕೆ ಆಯಿತು; ಮೊದಲ ಅಂಗಡಿ 2012ರ ಅಕ್ಟೋಬರಿನಲ್ಲಿ ಮುಂಬೈನಲ್ಲಿ ತೆರೆಯಿತು. ಆ ಅಂಗಡಿಗಳಿಗಾಗಿ ಹುರಿಯುವ ಘಟಕ ಕೊಡಗಿನಲ್ಲೇ ಬಂತು. ಒಬ್ಬರ ಬಳಿ ಬೀಜವೂ ಈ ದೇಶದಲ್ಲಿನ ಹೆಸರೂ ಇದ್ದವು, ಇನ್ನೊಬ್ಬರ ಬಳಿ ಅಂಗಡಿ ನಡೆಸುವ ಕಲೆಯೂ ಲೋಕಪ್ರಸಿದ್ಧ ಹೆಸರೂ. ಅರ್ಧಕ್ಕರ್ಧ ಪಾಲು ಎಂದರೆ ಲಾಭವಷ್ಟೇ ಅರ್ಧವಲ್ಲ, ನಷ್ಟವೂ ಅರ್ಧ, ಬೈಗುಳವೂ ಅರ್ಧ. ಅದೇ ಟಾಟಾ ಬಳಗದ ಹೋಟೆಲ್ ಕಂಪನಿ 2019ರಲ್ಲಿ ‘ಅಮಾ’ ಎಂಬ ಹೆಸರಿನಡಿ ಟಾಟಾ ಕಾಫಿಯ ತೋಟದ ಬಂಗಲೆಗಳನ್ನು ಅತಿಥಿಗಳಿಗೆ ತೆರೆಯಿತು. ಬಂಗಲೆ ಕಾಫಿಯವರದ್ದು, ಅತಿಥಿಸತ್ಕಾರ ಹೋಟೆಲಿನವರದ್ದು. ಒಂದೇ ಮನೆಯ ಎರಡು ಕೈಗಳಾದ್ದರಿಂದ ಕೂರ್ನೊ ಹೇಳಿದ ಜಗಳ ಅಲ್ಲಿ ಹುಟ್ಟುವುದು ಕಷ್ಟ.

ಹತ್ತು ಎಕರೆಯವರಿಗೆ ಇದರಿಂದ ಏನು ಪಾಠ ಎಂದು ಕೇಳಬಹುದು. ಅರ್ಧಕ್ಕರ್ಧ ಪಾಲು ಅವರಿಗೆ ಯಾರೂ ಕೊಡುವುದಿಲ್ಲ, ನಿಜ. ಆದರೆ ಗಿರಾಕಿಯ ವಿಳಾಸವನ್ನಾದರೂ ಉಳಿಸಿಕೊಳ್ಳಬಹುದಲ್ಲ? ಕಕ್ಕಬ್ಬೆ ಕಡೆ ತಡಿಯಂಡಮೋಳ್ ಬೆಟ್ಟ ಹತ್ತಲು ಬಂದವರು ಹೋಮ್‌ಸ್ಟೇಯಲ್ಲಿ ಬೆಳಗಿನ ಕಾಫಿ ಕುಡಿದು ‘ಎಷ್ಟು ಚೆನ್ನಾಗಿದೆ’ ಎನ್ನುತ್ತಾರೆ. ಆ ಪುಡಿ ಪಕ್ಕದ ತೋಟದ್ದು ಎಂದು ಯಾರೂ ಹೇಳುವುದಿಲ್ಲ. ಊರಿಗೆ ಮರಳಿದ ಮೇಲೆ ಅವರು ಮತ್ತೆ ಪುಡಿ ತರಿಸಬೇಕೆಂದರೆ ಅಂತರ್ಜಾಲದಲ್ಲಿ ‘ಕೂರ್ಗ್ ಕಾಫಿ’ ಎಂದು ಹುಡುಕಿ ಯಾರದ್ದೋ ಪೊಟ್ಟಣ ಕೊಳ್ಳುತ್ತಾರೆ. ಚಾಲಕರು ಅಂಗಡಿಗೆ ಕರೆತಂದದ್ದಕ್ಕೆ ಕಮಿಷನ್ ಸಿಗುತ್ತದೆ, ಆ ಕಮಿಷನ್ ಪೊಟ್ಟಣದ ಬೆಲೆಯಲ್ಲೇ ಸೇರಿರುತ್ತದೆ. ಗಿರಾಕಿ ಯಾರು ಎಂದು ಕೇಳಿದರೆ ಚಾಲಕರಿಗೂ ಗೊತ್ತಿಲ್ಲ, ಅಂಗಡಿಗೂ ಗೊತ್ತಿಲ್ಲ, ತೋಟಕ್ಕಂತೂ ಗೊತ್ತೇ ಇಲ್ಲ.

ಹಣದ ಲೆಕ್ಕಕ್ಕೇ ಬಾರದ ಪೂರಕರೂ ಇದ್ದಾರೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದು ವಾರ ಕಳೆದರೆ ಕಾಫಿ ಹೂವಿನಿಂದ ತೋಟ ಬೆಳ್ಳಗಾಗುತ್ತದೆ, ಹೆಜ್ಜೇನು ಝೇಂಕರಿಸುತ್ತದೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಜೇನಿಗೆ ಮಕರಂದ, ಗಿಡಕ್ಕೆ ಕಾಯಿ: ಇದಕ್ಕಿಂತ ಹಳೆಯ ಟೈಅಪ್ ಕೊಡಗಿನಲ್ಲಿ ಇನ್ನೊಂದಿಲ್ಲ. 1952ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಸೇಬಿನ ತೋಟವನ್ನೂ ಜೇನನ್ನೂ ಉದಾಹರಣೆಗೆ ತೆಗೆದುಕೊಂಡು, ಸೇಬಿನವರು ಜೇನಿನವರಿಗೆ ಮಾಡುವ ಉಪಕಾರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ ಎಂದು ವಾದಿಸಿದರು. 1973ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಸ್ಟೀವನ್ ಚೆಯುಂಗ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೋಟಗಳನ್ನು ಸುತ್ತಿ ಬಂದು, ‘ಬೆಲೆ ಇದೆ, ಕರಾರೂ ಇದೆ’ ಎಂದು ತೋರಿಸಿದರು. ಹೂವಿನಲ್ಲಿ ಜೇನು ಕಡಿಮೆ ಸಿಗುವಂತಿದ್ದರೆ ತೋಟದವರು ಪೆಟ್ಟಿಗೆಗಿಷ್ಟು ಎಂದು ಜೇನಿನವರಿಗೆ ಬಾಡಿಗೆ ಕೊಡುತ್ತಿದ್ದರು. ಜೇನು ಹೇರಳವಾಗಿ ಸಿಗುವ ಬೆಳೆಯಾದರೆ ಜೇನಿನವರೇ ತೋಟದವರಿಗೆ ಕೊಡುತ್ತಿದ್ದರು. ಕೆಲವು ಕಡೆ ಅದು ಬಾಯಿಮಾತಿನ ಕರಾರು, ಕೆಲವು ಕಡೆ ಬರಹದ್ದು.

ಕೊಡಗಿನಲ್ಲಿ ಜೇನು ಸಂಘಟಿತ ವ್ಯವಹಾರವಾಗಿ ಬಹಳ ಕಾಲವಾಯಿತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಷ್ಟು ಹಳೆಯದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ಗುಡಿಸಿ ಹಾಕಿತು, ಎಷ್ಟೋ ಮನೆಗಳ ಹಿತ್ತಲಿನ ಪೆಟ್ಟಿಗೆಗಳು ಬರಿದಾದವು. ಜೇನು ಸಾಕುವವರು ಕಳೆದುಕೊಂಡದ್ದು ಜೇನನ್ನು. ಕಾಫಿಯವರು ಏನು ಕಳೆದುಕೊಂಡರು ಎಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ. ಹೂ ಬಿಟ್ಟ ಹೊತ್ತಿನಲ್ಲಿ ಔಷಧಿ ಸಿಂಪಡಿಸಬಾರದು ಎಂಬಷ್ಟು ಶಿಷ್ಟಾಚಾರವೂ ಎಲ್ಲ ತೋಟಗಳಲ್ಲಿ ನಡೆಯುವುದಿಲ್ಲ. ತೋಟದವರಿಗೆ ಜೇನು ಪುಕ್ಕಟೆ, ಜೇನಿನವರಿಗೆ ಹೂವು ಪುಕ್ಕಟೆ. ಪುಕ್ಕಟೆಯಾಗಿ ಸಿಕ್ಕಿದ್ದರ ಯೋಗಕ್ಷೇಮ ವಿಚಾರಿಸುವವರು ಕಡಿಮೆ. ಉಡುಗೊರೆ ಪೆಟ್ಟಿಗೆಯಲ್ಲಿ ಕಾಫಿಯ ಪಕ್ಕ ಜೇನು ಕೂಡುವುದಕ್ಕಿಂತ ಮೊದಲು ತೋಟದಲ್ಲಿ ಕಾಫಿಯ ಪಕ್ಕ ಜೇನು ಕೂಡಬೇಕಲ್ಲವೇ?

ಬೆಲೆ ಸ್ಥಿರವಾಗಿದ್ದಾಗ ಟೈಅಪ್ ಮಾಡುವುದು ಸುಲಭ. 2019-20ರ ಆಸುಪಾಸಿನಲ್ಲಿ 50 ಕಿಲೋ ರೊಬಸ್ಟಾ ಚೆರ್ರಿ ಚೀಲಕ್ಕೆ ಮೂರೂವರೆ ಸಾವಿರ ಸಿಕ್ಕರೆ ಬೆಳೆಗಾರರು ಸಮಾಧಾನ ಪಡುತ್ತಿದ್ದರು. 2024ರ ಬೇಸಿಗೆಗೆ ಅದೇ ಚೀಲ 10,000 ರೂಪಾಯಿ ಮುಟ್ಟಿತು. ವಿಯೆಟ್ನಾಂನಲ್ಲಿ ಬೆಳೆ ಕುಸಿದದ್ದು ಇದರ ಒಂದು ದೊಡ್ಡ ಕಾರಣ. ಬೆಳೆಗಾರರ ಮನೆಯಲ್ಲಿ ಹೊಸ ಗಾಡಿ ಬಂತು. ವರ್ಷಕ್ಕಿಷ್ಟು ಎಂದು ಹಳೆಯ ದರದಲ್ಲಿ ಹೋಮ್‌ಸ್ಟೇಗಳಿಗೆ ಪುಡಿ ಕೊಡಲು ಒಪ್ಪಿದ್ದ ಸಣ್ಣ ಹುರಿಯುವವರ ಮನೆಯಲ್ಲಿ ನಿದ್ದೆ ಹೋಯಿತು. ನನಗೆ ಪರಿಚಯದ ಒಬ್ಬರು ಮೂರು ಹೋಮ್‌ಸ್ಟೇಗಳಿಗೆ ಹಾಗೆ ಮಾತು ಕೊಟ್ಟು, ನಾಲ್ಕು ತಿಂಗಳು ಕೈಯಿಂದ ಹಾಕಿ, ಐದನೆಯ ತಿಂಗಳು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬೀಜದ ಬೆಲೆ ಇಷ್ಟು ಏರಿದರೆ ಪುಡಿಯ ದರವನ್ನು ಮತ್ತೆ ಮಾತನಾಡೋಣ ಎಂಬ ಒಂದೇ ಒಂದು ಸಾಲು ಮೊದಲೇ ಬರೆದಿದ್ದರೆ ಆ ಸ್ನೇಹ ಉಳಿಯುತ್ತಿತ್ತು.

ಇನ್ನು ಕೆಲವರು ಫೋನ್ ಎತ್ತಿದರು, ಚಿಕೋರಿ ಹೆಚ್ಚಿಸಿದರು. ಕಾಫಿಗೆ ಬೆರೆಸುವ ಬೇರಿನ ಪುಡಿಯಾದ ಚಿಕೋರಿ ಕಾಫಿಗೆ ವಿಚಿತ್ರ ಸಂಬಂಧಿ. ಫಿಲ್ಟರ್ ಕಾಫಿಗೆ ಅದು ದಪ್ಪ, ಬಣ್ಣ ಕೊಡುವುದರಿಂದ ಪೂರಕ; ಬೀಜ ತುಟ್ಟಿಯಾದ ದಿನ ಅದೇ ಬದಲಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಗುಜರಾತಿನಲ್ಲೋ ಉತ್ತರ ಪ್ರದೇಶದಲ್ಲೋ ಬೆಳೆದ ಬೇರು ಶೇ 49ರವರೆಗೂ ಸೇರಿದ ಪೊಟ್ಟಣದ ಮೇಲೆ ಕೊಡಗಿನ ಬೆಟ್ಟದ ಚಿತ್ರ ಇರಬಹುದು. ಕಾನೂನಿನ ತಪ್ಪೇನಿಲ್ಲ. ಹೋಮ್‌ಸ್ಟೇಯಲ್ಲಿ ಹೋದ ವರ್ಷ ಕುಡಿದ ರುಚಿ ಈ ವರ್ಷ ಇಲ್ಲ ಎಂದು ಅತಿಥಿ ಹೇಳಿದರೆ ಕೇಳಿಸಿಕೊಳ್ಳುವವರು ಮಾತ್ರ ಹೋಮ್‌ಸ್ಟೇಯವರು.

ಮೆಣಸಿನ ಕಥೆ ಇನ್ನೂ ಕಹಿ. ನೆರಳಿನ ಮರಕ್ಕೆ ಹಬ್ಬಿದ ಬಳ್ಳಿ ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ಹೊರೆ ಹೊತ್ತು ದಾಟಿಸಿದೆ. 2017ರಲ್ಲಿ ವಿಯೆಟ್ನಾಂ ಮೆಣಸು ಗೋಣಿಕೊಪ್ಪಲಿನ ಮಾರುಕಟ್ಟೆಗೆ ಬಂದು ಸ್ಥಳೀಯ ಮೆಣಸಿನೊಡನೆ ಬೆರೆಯುತ್ತಿದೆ ಎಂದು ಬೆಳೆಗಾರರು ಬೀದಿಗಿಳಿದರು. ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಆಗ ಚರ್ಚೆಯೆಲ್ಲ ಬೆಲೆಯ ಸುತ್ತ ನಡೆಯಿತು. ನನಗೆ ಕಾಣುವಂತೆ ದೊಡ್ಡ ಹಾನಿ ಹೆಸರಿಗೆ. ಕೊಡಗಿನ ಮೆಣಸಿನ ಮೇಲೆ ಅನುಮಾನ ಬಂದರೆ ಅದೇ ಪೆಟ್ಟಿಗೆಯಲ್ಲಿ ಕೂತಿರುವ ಕೊಡಗಿನ ಕಾಫಿಯ ಮೇಲೂ ಬರುತ್ತದೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿಗೆ ಕಾನೂನಿನ ಕಾವಲು, ಸಿಕ್ಕಿದೆ. ಆದರೆ ಆ ಕಾವಲು ಇರುವುದು ಅರೇಬಿಕಾಗೆ. ‘ಕೂರ್ಗ್’ ಎಂಬ ಹೆಸರನ್ನು ಉಡುಗೊರೆ ಪೆಟ್ಟಿಗೆಯ ಮೇಲೆ ಯಾರು ಬೇಕಾದರೂ ಬರೆದುಕೊಳ್ಳುತ್ತಾರೆ. ಎಲ್ಲರಿಗೂ ಸೇರಿದ ಹೆಸರು ಹಳ್ಳಿಯ ಕೆರೆಯ ಹಾಗೆ: ನೀರು ತೆಗೆಯಲು ಎಲ್ಲರೂ ಬರುತ್ತಾರೆ, ಹೂಳು ತೆಗೆಯಲು ಯಾರೂ ಇಲ್ಲ.

ಇನ್ನೊಂದು ಭ್ರಮೆಯನ್ನೂ ಹೇಳಿಬಿಡುತ್ತೇನೆ. ತೋಟದ ಜೊತೆ ಹೋಮ್‌ಸ್ಟೇ ಮಾಡಿಕೊಂಡರೆ ಒಂದು ಬಿದ್ದಾಗ ಇನ್ನೊಂದು ಎತ್ತಿ ಹಿಡಿಯುತ್ತದೆ ಎನ್ನುತ್ತಾರೆ. ಕಾಫಿ ಬೆಲೆ ಬಿದ್ದಾಗ ಈ ಮಾತು ನಿಜ. ಮಳೆ ಬಿದ್ದಾಗ ಅಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ತೋಟಗಳು ಕೊಚ್ಚಿ ಹೋದವು, ಉಳಿದ ತೋಟಗಳಲ್ಲಿ ಕಾಯಿ ಉದುರಿತು, ರಸ್ತೆಗಳು ಕಡಿದವು, ಪ್ರವಾಸಿಗರ ಪ್ರವೇಶವನ್ನೂ ಜಿಲ್ಲಾಡಳಿತ ಕೆಲಕಾಲ ತಡೆಯಿತು. ಕಾಫಿ, ಕೋಣೆ, ಜೀಪು, ಅಂಗಡಿ ನಾಲ್ಕೂ ಒಂದೇ ವಾರದಲ್ಲಿ ಮಲಗಿದವು. ಒಂದಕ್ಕೊಂದು ಪೂರಕ ಎಂದಮೇಲೆ ಬೀಳುವುದೂ ಜೊತೆಯಾಗಿಯೇ. ಅಡವಿಟ್ಟು ಸಾಲ ಮಾಡಿ ಕೋಣೆ ಕಟ್ಟಿಸುವ ಮೊದಲು ಬ್ಯಾಂಕಿನವರೂ ಈ ಲೆಕ್ಕ ಕೇಳುವುದಿಲ್ಲ, ಆಶ್ಚರ್ಯ.

ನನ್ನ ಬೈಗುಳ ತಿಂದ ಕಾಫಿಯವರನ್ನು ಫೆಬ್ರುವರಿಯಲ್ಲಿ ಗೋಣಿಕೊಪ್ಪಲಿಗೆ ಹೋದಾಗ ಹುಡುಕಿಕೊಂಡು ಹೋದೆ. ಹುರಿಯುವ ಯಂತ್ರ ತಣ್ಣಗಿತ್ತು, ನೆಲದ ಮೇಲೆ ಬೀಜದ ಹೊಟ್ಟು. ನಾನು ಯಾರೆಂದು ಹೇಳಿದೊಡನೆ ನಕ್ಕು, “ಜೇನಿನವರಲ್ಲವೇ? ಬನ್ನಿ, ಕೂರಿ” ಎಂದರು. ಕಾಫಿ ಬಂತು. ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಕೈಬರಹ, ಏಳೆಂಟು ಸಾಲು. ಪೆಟ್ಟಿಗೆಯ ಪ್ರತಿ ಸರಕಿನ ಮೇಲೆ ಮಾಡಿದವರ ಹೆಸರು, ನಂಬರು ಇರಬೇಕು. ಯಾರ ಸರಕಿನಿಂದ ಪೆಟ್ಟಿಗೆ ಕೆಟ್ಟಿತೋ ಅವರು ಇಡೀ ಪೆಟ್ಟಿಗೆಯ ಬೆಲೆ ಕೊಡಬೇಕು, ತಮ್ಮ ಸೀಸೆಯದ್ದು ಮಾತ್ರವಲ್ಲ. ಯಾರೊಬ್ಬರೂ ಉಳಿದವರನ್ನು ಕೇಳದೆ ಬೆಲೆ ಏರಿಸುವಂತಿಲ್ಲ. ಬೀಜದ ಬೆಲೆ ಚೀಲಕ್ಕೆ ಸಾವಿರ ರೂಪಾಯಿ ಆಚೀಚೆ ಆದರೆ ಮತ್ತೆ ಕುಳಿತುಕೊಳ್ಳುವುದು.

“ಎಲ್ಲರೂ ಸಹಿ ಮಾಡಿದರೇ?” ಎಂದೆ. ಚಾಕೊಲೇಟ್ ಮಾಡುವ ಅಮ್ಮ ಓದದೆಯೇ ಸಹಿ ಹಾಕಿದರಂತೆ, ಆಮೇಲೆ ಮಗಳಿಂದ ಓದಿಸಿ ಕೇಳಿ ಒಂದು ಸಾಲು ತಿದ್ದಿಸಿದರಂತೆ: ಬಿಸಿಲಿನಲ್ಲಿ ಪೆಟ್ಟಿಗೆ ಇಟ್ಟು ಚಾಕೊಲೇಟ್ ಕರಗಿದರೆ ಅದು ಅಂಗಡಿಯವರ ತಪ್ಪು. ಮೆಣಸಿನವರು ತಮ್ಮದೇ ತೋಟದ ಬೆಳೆಯಾದ್ದರಿಂದ ತಕರಾರು ತೆಗೆಯಲಿಲ್ಲ. ಹಳೆಯ ಜೇನಿನವರು ಹಾಳೆ ನೋಡಿ ಹೋದವರು ಮತ್ತೆ ಬರಲಿಲ್ಲ. ಈಗ ಬೇರೆಯವರ ಜೇನು, ಸೀಸೆಗೆ ನಲವತ್ತು ರೂಪಾಯಿ ಹೆಚ್ಚು. ಸುಂಟಿಕೊಪ್ಪದಾಚೆಯ ಅಂಗಡಿಯವರು ಮಾತ್ರ ಸಹಿ ಹಾಕಲಿಲ್ಲ, “ನಮ್ಮ ವ್ಯಾಪಾರ ನಂಬಿಕೆಯ ಮೇಲೆ ನಡೆಯುವುದು” ಎಂದರಂತೆ. ಅಲ್ಲಿಗೆ ಪೆಟ್ಟಿಗೆ ಕಳಿಸುವುದನ್ನು ಇವರು ನಿಲ್ಲಿಸಿದ್ದಾರೆ. ತಿಂಗಳಿಗೆ ಅರವತ್ತು ಎಪ್ಪತ್ತು ಪೆಟ್ಟಿಗೆ ಹೋಗುತ್ತಿದ್ದ ಜಾಗ ಅದು.

ಒಂದು ಪೆಟ್ಟಿಗೆ ಕೊಂಡೆ. ಹಿಂದಿನದಕ್ಕಿಂತ ಬೆಲೆ ಜಾಸ್ತಿ. ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹುಣಸೂರು ದಾಟುವವರೆಗೂ ಎರಡು ಸಲ ತಿರುಗಿ ನೋಡಿದೆ. ಜೇನಿನ ಸೀಸೆಯ ಮುಚ್ಚಳದ ಸುತ್ತ ಮೂರು ಸುತ್ತು ಟೇಪು ಸುತ್ತಿತ್ತು, ಅದರ ಚೀಟಿಯ ಮೇಲೆ ಬೇರೆಯೇ ಒಂದು ನಂಬರು.